ಗೌರವ್ವ ಹಾಕಿದ ಬೈಪಾಸ್

ಬೆಳಕು ಹರಿಯುವ ಮೊದಲು ಗೌರವ್ವ ಮಾಡಿ ಮುಗಿಸುವ ಕೆಲಸಗಳು ಇವು. ಮೂರೂಕಾಲಿಗೆ ಏಳುವುದು. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ ಎಂಟು ರೊಟ್ಟಿ ಬಡಿಯುವುದು. ಬದನೆಕಾಯಿ ಪಲ್ಯ, ಇಲ್ಲವೆಂದರೆ ಹೆಸರುಕಾಳು. ಎರಡು ಡಬ್ಬಿ ಕಟ್ಟುವುದು, ಗಂಡನದು ನೀಲಿ ಚೀಲಕ್ಕೆ, ಮಗಳದು ಶಾಲೆಯ ಬ್ಯಾಗಿಗೆ. ಹಾಲು ಕಾಸುವುದು. ಇಷ್ಟು ಕುವೈತಿನ ಮಹಬೂಲಾ ಬಡಾವಣೆಯ ಆ ಕಟ್ಟಡದ ಯಾವ ಅಡುಗೆಮನೆಯಲ್ಲಾದರೂ ನಡೆಯುವಂಥದು.

ಆಮೇಲಿನವು ಬೇರೆ. ಬ್ರಷ್ಷಿಗೆ ಪೇಸ್ಟು ಹಚ್ಚಿ ಲೋಟದ ಮೇಲೆ ಅಡ್ಡ ಇಡುವುದು. ಬಿಸಿನೀರು ತಣ್ಣೀರು ಬೆರೆಸಿ ಬಕೆಟ್ಟು ತುಂಬಿಸಿ, ಎರಡೂ ನಲ್ಲಿಗಳನ್ನು ಬಿಗಿಯಾಗಿ ತಿರುಗಿಸುವುದು. ಹಾಸಿಗೆಯ ಮೇಲೆ ಬಟ್ಟೆಗಳನ್ನು ತೊಡುವ ಕ್ರಮದಲ್ಲಿ ಎಡದಿಂದ ಬಲಕ್ಕೆ ಹರಡುವುದು. ಅಂಗಿಯ ಮೇಲಿನ ಎರಡು ಗುಂಡಿ ಬಿಟ್ಟು ಉಳಿದವನ್ನು ಮೊದಲೇ ಹಾಕಿಡುವುದು, ತಲೆಯ ಮೇಲಿಂದ ಇಳಿಸಿಕೊಂಡರೆ ಸಾಕು ಎನ್ನುವಂತೆ. ಕಾಲುಚೀಲಗಳನ್ನು ಬೂಟಿನೊಳಗೆ ತುರುಕುವುದು. ಕಂಪನಿಯ ಗುರುತಿನ ಕಾರ್ಡನ್ನು ಅಂಗಿಯ ಕೊರಳಿಗೇ ಹಾಕಿಡುವುದು. ಮಾತ್ರೆಯನ್ನು ಬಾಳೆಹಣ್ಣಿನ ಮೊದಲ ತುಂಡಿನಲ್ಲಿ ಒತ್ತುವುದು. ಎಡಗಡೆಯ ಜೇಬಿಗೆ ಒಂದು ಚೀಟಿ: “ಬಸ್ಸು ಬಿಳಿದು, ನಂಬರ್ ಏಳು. ಬಾವಾಕುಂಞಿ ಬಾಜೂಕ ಕೂಡೂದು. ಡಬ್ಬಿ ನೀಲಿ ಚೀಲದಾಗ. ಮಾತ್ರಿ ಆಗೇತಿ.” ಐದಕ್ಕೆ ಹತ್ತು ನಿಮಿಷ ಇರುವಾಗ ಗಂಡನೊಂದಿಗೆ ಲಿಫ್ಟಿನಲ್ಲಿ ಇಳಿದು, ಮೂಲೆಯ ಬಕಾಲಾ ಎಂಬ ದಿನಸಿ ಅಂಗಡಿಯಲ್ಲಿ ಅರಬರ ರೊಟ್ಟಿ ಖುಬ್ಬೂಸ್ ತರಲು ಹೊರಟವಳ ಹಾಗೆ ನಾಲ್ಕು ಹೆಜ್ಜೆ ಹಿಂದೆ ನಡೆಯುವುದು. ಕಂಪನಿಯ ಬಸ್ಸು ಶುಐಬಾ ಕಡೆಗೆ ತಿರುಗುವ ತನಕ ನಿಲ್ಲುವುದು. ಆಮೇಲೆ ಖುಬ್ಬೂಸ್ ಕೊಂಡು ಮೇಲೆ ಬರುವುದು.

ಆ ಮನೆಯಲ್ಲಿ ಖುಬ್ಬೂಸ್ ಯಾರೂ ತಿನ್ನುವುದಿಲ್ಲ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಆರು ಪೊಟ್ಟಣ ಬಿದ್ದಿದ್ದವು.

“ಮಮ್ಮಿ, ವೈ ಡು ವಿ ಕೀಪ್ ಬೈಯಿಂಗ್ ದಿಸ್?” ಎಂದು ಹದಿನೇಳರ ಮಗಳು ಸೀಮಾ ಕೇಳಿದ್ದಳು.

“ಹಕ್ಕಿಗಿ ಹಾಕಾಕ” ಎಂದಿದ್ದಳು ಗೌರವ್ವ.

ಗಂಡ ಫಕೀರಪ್ಪನಿಗೆ ಐವತ್ತೇಳು. ರೋಣದ ಕಡೆಯವನು. ತೊಂಬತ್ತಮೂರರಲ್ಲಿ ಕುವೈತಿಗೆ ಬಂದವನು ಅಂದಿನಿಂದ ಶುಐಬಾದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಒತ್ತಡ, ಶಾಖ, ಅನಿಲ ಅಳೆಯುವ ಗೇಜುಗಳು ಸರಿ ತೋರಿಸುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಅವನ ಕೆಲಸ. ಐದು ವರ್ಷದ ಮೇಲೆ ಗೌರವ್ವನೂ ಬಂದಳು.

ಮರೆವು ಯಾವತ್ತು ಶುರುವಾಯಿತು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಗಂಡಸರಿಗೆ ಸ್ನಾನದ ನೀರು ತೋಡಿಕೊಡುವುದು, ಬೆನ್ನು ತಿಕ್ಕುವುದು, ಉಡುವ ಅರಿವೆ ತೆಗೆದಿಡುವುದು ಹೆಂಡತಿಯ ಕೆಲಸವಾಗಿತ್ತು. ಅವಳು ಮೊದಲಿನಿಂದಲೂ ಅಂಗಿ ತೆಗೆದಿಡುತ್ತಿದ್ದಳು. ಒಂದು ದಿನ ಅವನು ಎರಡು ಅಂಗಿ ಒಂದರ ಮೇಲೊಂದು ತೊಟ್ಟು ಬಂದ. ಮರುದಿನದಿಂದ ಕ್ರಮವಾಗಿ ಹರಡಿಟ್ಟಳು. ಒಂದು ದಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಬಂದ. ಮರುದಿನದಿಂದ ಮೊದಲೇ ಹಾಕಿಟ್ಟಳು. ಮೂರು ವರ್ಷದಲ್ಲಿ ಹೀಗೆ ಒಂದೊಂದೇ ಕೆಲಸ ಕೂಡುತ್ತ ಬಂತು, ಏಳುವ ಹೊತ್ತು ನಾಲ್ಕರಿಂದ ಮೂರೂಕಾಲಿಗೆ ಇಳಿಯಿತು. ಗಂಡನ ಸೇವೆ ಎಲ್ಲಿ ಮುಗಿದು ರೋಗಿಯ ಆರೈಕೆ ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ಯಾರೂ ನೋಡಲಿಲ್ಲ. ಅವಳೂ ನೋಡಲಿಲ್ಲ.

ಒಂದು ಶುಕ್ರವಾರ ಫಕೀರಪ್ಪ ಗೀಸರಿನ ಕಾಯಿಲ್ ತರಲು ರಾಯ್ ಎಂಬ ಕೈಗಾರಿಕಾ ಪ್ರದೇಶಕ್ಕೆ ಹೋದ. ಅಲ್ಲಿನ ಅಂಗಡಿ, ವರ್ಕ್‌ಶಾಪುಗಳ ನಡುವೆ ತನ್ನ ಕಾರನ್ನು ಎಲ್ಲಿ ನಿಲ್ಲಿಸಿದ್ದೆನೆಂದು ತಿಳಿಯದೆ ನಾಲ್ಕು ತಾಸು ಬಿಸಿಲಲ್ಲಿ ಅಲೆದ. ಮನೆಗೆ ತಂದುಬಿಟ್ಟವನು ಯಾರೋ ಪಾಕಿಸ್ತಾನಿ ಮೆಕ್ಯಾನಿಕ್. ಆ ಕಾರು ಮಾರಿದ್ದಾಯಿತು. ಆಸ್ಪತ್ರೆಯಲ್ಲಿ ಗೌರವ್ವ “ತಲಿನೋವು” ಎಂದಳು, ಡಾಕ್ಟರು ಅದನ್ನು ನಂಬಲಿಲ್ಲ. ಸ್ಕ್ಯಾನ್ ಆಯಿತು, ಮಾತ್ರೆ ಶುರುವಾಯಿತು. ಎರಡು ಸಾವಿರದ ಹದಿನಾರರ ಕೊನೆಗೆ ಅವರನ್ನು ಮರೆವಿನ ರೋಗದ ಸಂಶೋಧನೆ ನಡೆಸುವ ಒಂದು ಘಟಕಕ್ಕೆ ಕಳಿಸಿದರು.

ಅಲ್ಲಿ ವೆಲಿಟಾ ಇದ್ದಳು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತಳು, ನರ್ಸ್ ಆಗಿದ್ದವಳು, ಈಗ ಈ ಘಟಕದಲ್ಲಿ ರೋಗಿಗಳ ಮನೆಯವರೊಂದಿಗೆ ಮಾತಾಡಿ ಫಾರಂ ತುಂಬುವ ಕೆಲಸ.

“ಗೌರಕ್ಕ, ಇದರಲ್ಲಿ ಹತ್ತು ಪ್ರಶ್ನೆ ಉಂಟು. ಮಾಡ್ತಾರೆ, ಕಷ್ಟ ಆಗ್ತದೆ, ಆಗುದೇ ಇಲ್ಲ. ಈ ಮೂರರಲ್ಲಿ ಒಂದು ಹೇಳಿ, ಸಾಕು. ಬಟ್ಟೆ ಅವರೇ ಹಾಕಿಕೊಳ್ತಾರಾ?”

“ಹಾಕ್ಕೋತಾರ್ರಿ.”

“ಮಾತ್ರೆ ಟೈಮಿಗೆ ತಗೊಳ್ತಾರಾ?”

“ಒಂದ ದಿನಾನೂ ತಪ್ಪಿಸಿಲ್ಲ.”

“ಕೆಲಸಕ್ಕೆ ಒಬ್ಬರೇ ಹೋಗ್ತಾರಾ?”

“ಬಸ್ ಬರತೈತ್ರಿ, ಹತ್ತಿ ಹೋಗ್ತಾರ.”

“ಚಹಾ ಮಾಡಿದ ಮೇಲೆ ಗ್ಯಾಸ್ ನೆನಪಿಂದ ಬಂದ್ ಮಾಡ್ತಾರಾ?”

ಗೌರವ್ವನಿಗೆ ನಗು ಬಂತು. “ಅವರು ಗ್ಯಾಸ್ ಹಚ್ಚಿದ್ದ ನಾ ನೋಡಿಲ್ಲ. ಹಚ್ಚಿದ್ರ ತಾನ ಬಂದ್ ಮಾಡೂದು?”

“ಈಗ ಮರೆತದ್ದಾ, ಮೊದಲಿಂದಲೇ ಇಲ್ವಾ?”

“ಮೊದಲಿಂದಲೂ ಇಲ್ಲ.”

“ನಮ್ಮ ಡೋಲ್ಫಿದೂ ಅದೇ ಕಥೆ ಮಾರಾಯ್ರೆ. ನನ್ನ ಗಂಡನಿಗೆ ಮರೆವು ಬಂದರೆ ಗೊತ್ತೇ ಆಗ್ಲಿಕ್ಕಿಲ್ಲ” ಎಂದು ವೆಲಿಟಾ ‘ಅನ್ವಯಿಸುವುದಿಲ್ಲ’ ಎಂಬ ಮನೆಗೆ ಗೆರೆ ಎಳೆದಳು. ಸಾಮಾನು ತರುವುದು, ಹಬ್ಬ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುವುದು, ಇವೆರಡೂ ಆ ಮನೆಗೇ ಹೋದವು. ಉಳಿದ ಏಳಕ್ಕೆ ‘ಮಾಡುತ್ತಾರೆ’.

ಗೌರವ್ವ ಸುಳ್ಳು ಹೇಳಿರಲಿಲ್ಲ. ಅಂಗಿ ಮೈಮೇಲೆ ಇದೆಯೆಂದರೆ ತೊಟ್ಟಿದ್ದಾನೆ. ಮಾತ್ರೆ ಹೊಟ್ಟೆಗೆ ಹೋಗಿದೆಯೆಂದರೆ ನುಂಗಿದ್ದಾನೆ. ಅದರ ಹಿಂದಿನ ಎರಡು ತಾಸು ಅವಳ ಲೆಕ್ಕದಲ್ಲಿ ಕೆಲಸವೇ ಅಲ್ಲ, ಬೆಳಗು ಅಷ್ಟೇ.

ಜನವರಿಯಲ್ಲಿ ಫಲಿತಾಂಶ ನೋಡಲು ಕರೆದರು. ಡಾಕ್ಟರ ಪರದೆಯ ಮೇಲೆ ಬೂದು ಬಣ್ಣದ ಮೆದುಳು, ಅದರೊಳಗೆ ಎಂಬತ್ತರಷ್ಟು ಚುಕ್ಕೆ, ಚುಕ್ಕೆಗಳ ನಡುವೆ ಗೆರೆ. ಕೆಲವು ದಪ್ಪ, ಕೆಲವು ಕೂದಲಿನಂಥವು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವೆಲಿಟಾ ಕನ್ನಡದಲ್ಲಿ ಹೇಳಿದಳು.

“ಇದು ಇವರ ತಲೆಯದ್ದೇ, ಬೇರೆಯವರದ್ದಲ್ಲ. ಯಾವ ಭಾಗಕ್ಕೂ ಯಾವ ಭಾಗಕ್ಕೂ ಎಷ್ಟು ಗಟ್ಟಿ ಸಂಪರ್ಕ ಉಂಟು ಅಂತ ಸ್ಕ್ಯಾನಿನಲ್ಲಿ ಸಿಕ್ಕಿತು. ತಲೆಗೆ ವಯರಿನ ಟೊಪ್ಪಿ ಹಾಕಿದ್ರಲ್ಲ, ಒಂದೊಂದು ಭಾಗ ಹೇಗೆ ಮಿಡಿಯುತ್ತದೆ ಅಂತ ಅದರಲ್ಲಿ ಸಿಕ್ಕಿತು. ಎರಡನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಇವರದ್ದೇ ಒಂದು ಮೆದುಳು ಓಡಿಸುದು. ಕಾಯಿಲೆ ಒಂದೇ ಆದ್ರೂ ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತದೆ. ಇವರದ್ದು ಎಲ್ಲಿ ಹಾಳಾಗಿದೆ, ಮುಂದೆ ಎಲ್ಲಿಗೆ ಹೋಗ್ತದೆ ಅಂತ ಇದರಲ್ಲಿ ಮಾಡಿ ನೋಡಬಹುದು.”

ಡಾಕ್ಟರು ಒಂದು ಗೆರೆಯನ್ನು ತೆಳ್ಳಗೆ ಮಾಡಿದರು. ದೂರದ ಮೂರು ಚುಕ್ಕೆಗಳು ಮಂಕಾದವು.

“ಸಿಮ್ಯುಲೇಟರ್” ಎಂದ ಫಕೀರಪ್ಪ ತಟ್ಟನೆ. ತಿಂಗಳುಗಳಿಂದ ಅವನ ದನಿ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. “ನಮ್ಮ ಪ್ಲಾಂಟಿನಾಗೂ ಐತಿ. ಆಪರೇಟರ್ ಹುಡುಗರಿಗೆ ಕಲಸಾಕ.”

ಡಾಕ್ಟರಿಗೆ ಒಂದು ತೊಡಕಿತ್ತು, ಅದರ ಬಗ್ಗೆ ಖುಷಿಯೂ ಇತ್ತು. ಗಣಕದೊಳಗಿನ ಫಕೀರಪ್ಪನ ಪ್ರಕಾರ, ಒಂದಾದ ಮೇಲೊಂದು ಹೆಜ್ಜೆ ಇಟ್ಟು ಮಾಡುವ ಯಾವ ಕೆಲಸವೂ ಇವನಿಗೆ ಈ ಹೊತ್ತಿಗೆ ಬಹಳ ಕಷ್ಟವಾಗಿರಬೇಕು. ಹೆಂಡತಿ ಹೇಳಿ ತುಂಬಿಸಿದ ಫಾರಂ ಪ್ರಕಾರ ಎಲ್ಲ ಸಲೀಸು. ಎರಡಕ್ಕೂ ಮಧ್ಯೆ ಇಷ್ಟು ದೊಡ್ಡ ಅಂತರ ಬೇರೆ ಯಾವ ರೋಗಿಯಲ್ಲೂ ಇಲ್ಲ. ಕೆಲವರ ಮೆದುಳಿನಲ್ಲಿ ಒಂದು ಮೀಸಲು ಶಕ್ತಿ ಇರುತ್ತದೆ, ಜೀವನವಿಡೀ ಸೂಕ್ಷ್ಮ ಕೆಲಸ ಮಾಡಿದವರಲ್ಲಿ ಹೆಚ್ಚು, ಅದೇ ಇವರನ್ನು ಹಿಡಿದು ನಿಲ್ಲಿಸಿದೆ ಎಂದರು. ಫಕೀರಪ್ಪನ ಭುಜ ತಟ್ಟಿದರು.

ಗೌರವ್ವ ಪರದೆ ನೋಡುತ್ತ ಕೂತಿದ್ದಳು. ಎಂಬತ್ತು ಚುಕ್ಕೆಗಳಲ್ಲಿ ಯಾವುದು ಅಂಗಿಯ ಗುಂಡಿ ಹಾಕುವುದು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

“ರೀಡಿಂಗ್ ಯಾರು ಕೊಟ್ರು?” ಎಂದ ಫಕೀರಪ್ಪ. “ಸಿಮ್ಯುಲೇಟರೂ ಪ್ಲಾಂಟೂ ಹೊಂದಲಿಲ್ಲಂದ್ರ ಸಿಮ್ಯುಲೇಟರಿಗಿ ಬೈಬಾರದು. ಮೊದಲ ಗೇಜ್ ನೋಡಬೇಕು.”

ವೆಲಿಟಾ ಅದನ್ನು ಇಂಗ್ಲಿಷಿಗೆ ಮಾಡಿದಳು. ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಒಂದು ಖಾಲಿ ಫಾರಂ ತೆಗೆದುಕೊಟ್ಟರು. ಈ ಸಲ ಮನೆಯಲ್ಲಿ ನೋಡಿ ತುಂಬಬೇಕು. ಯಾರ ಕೈ ತಾಗದೆ ಏನು ಮಾಡುತ್ತಾರೆ, ಅಷ್ಟೇ. ಭಾನುವಾರ ತರಬೇಕು.

ಬಾಗಿಲವರೆಗೆ ಬಂದ ವೆಲಿಟಾ ದನಿ ತಗ್ಗಿಸಿದಳು. “ಗೌರಕ್ಕ, ಈ ಹಾಳೆ ಕಂಪನಿಗೆ ಹೋಗುದಿಲ್ಲ. ಆದರೆ ‘ಆಗುದಿಲ್ಲ’ ಅಂತ ಬರೆದು ತಂದ್ರೆ, ಕಾರ್ಖಾನೆಯ ಕೆಲಸಕ್ಕೆ ಹೋಗಬಾರದು ಅಂತ ಡಾಕ್ಟರ್ ಒಂದು ಕಾಗದ ಬರೆದು ನಿಮ್ಮ ಕೈಗೆ ಕೊಡ್ತಾರೆ. ಅದನ್ನು ಎಂತ ಮಾಡುದು ಅಂತ ನಿಮಗೆ ಬಿಟ್ಟದ್ದು.”

ಟ್ಯಾಕ್ಸಿಯಲ್ಲಿ ಫಕೀರಪ್ಪ ಇನ್ನೂ ಪ್ಲಾಂಟಿನಲ್ಲೇ ಇದ್ದ. “ಒಂದ ಅಲಾರಂ ಸುಮ್ಮಸುಮ್ಮನ ಹೊಡಕೋತಿತ್ತು ಅಂದ್ರ ನಾವು ಬೈಪಾಸ್ ಹಾಕ್ತೀವಿ. ಒಂದ ತಂತಿ, ಅಷ್ಟ. ಪ್ಲಾಂಟ್ ನಡಕೋತ ಹೋಗತೈತಿ, ಪ್ಯಾನಲ್‌ದಾಗ ಹಸಿರ ಲೈಟು. ಆದ್ರ ರಿಜಿಸ್ಟರದಾಗ ಬರೀಬೇಕು. ಯಾರು ಹಾಕಿದ್ರು, ಯಾವಾಗ ಹಾಕಿದ್ರು. ಬರೀದ ಬಿಟ್ಟಾವನ್ನ ನಾ ಗೇಟಿನ ಹೊರಗ ಹಾಕ್ಸೀನಿ.”

“ಅಷ್ಟಕ್ಕ?”

“ಅಷ್ಟಕ್ಕಂದ್ರ? ಬೆಂಕಿ ಹತ್ತಿದ ದಿನ ಅಲಾರಂ ಹೊಡಕೊಳ್ಳೂದಿಲ್ಲಲ್ಲ. ಎಲ್ಲಾರೂ ಹಸಿರ ಲೈಟ್ ನೋಡಕೋತ ಕುಂತಿರ್ತಾರ.” ಅವನು ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿದ. “ಏನ, ನಾವು ಎಲ್ಲಿಗಿ ಹೊಂಟೀವಿ?”

“ಮನಿಗಿ” ಎಂದಳು ಗೌರವ್ವ.

ಗುರುವಾರ ಸಂಜೆ ಬಸ್ಸಿನಿಂದ ಇಳಿದ ಬಾವಾಕುಂಞಿಯನ್ನು ಅವಳು ಮೇಲೆ ಕರೆದಳು. ಉಳ್ಳಾಲದ ಬ್ಯಾರಿ, ಫಕೀರಪ್ಪನ ಕೈಕೆಳಗೆ ಇಪ್ಪತ್ತು ವರ್ಷದ ಹಿಂದೆ ಕೆಲಸ ಕಲಿತವನು, ಪಕ್ಕದ ಕಟ್ಟಡದಲ್ಲಿ ವಾಸ. ಫಕೀರಪ್ಪ ಒಳಗೆ ಮಲಗಿದ್ದ. ಗೌರವ್ವ ಚಹಾ ಕೊಟ್ಟು, ಆಸ್ಪತ್ರೆಯ ಹಾಳೆಯ ಸಂಗತಿ ಹೇಳಿ, ಸುತ್ತುಬಳಸದೆ ಕೇಳಿದಳು.

“ಅಲ್ಲಿ ಇವರು ಏನ್ ಕೆಲಸ ಮಾಡ್ತಾರ?”

“ಅಕ್ಕ, ಎಂತ ಕೇಳುದು ಹಾಗೆ? ಎಲ್ಲ ಮಾಡ್ತಾರೆ ಫಕೀರಣ್ಣ.”

“ನಾನೂ ಹಂಗ ಅಂದಿದ್ದೆ. ಖರೇ ಹೇಳ್ರಿ.”

ಬಾವಾಕುಂಞಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದೂವರೆ ವರ್ಷದಿಂದ ಗೇಜು ಪರೀಕ್ಷೆಯ ಹಾಳೆಗಳನ್ನು ತಾನೇ ತುಂಬುತ್ತಿದ್ದೇನೆ, ಫಕೀರಣ್ಣ ಸಹಿ ಮಾತ್ರ ಹಾಕುತ್ತಾರೆ ಎಂದ. ಸಹಿ ಇನ್ನೂ ಮೊದಲಿನ ಹಾಗೇ ಚಂದ ಬರುತ್ತದೆ. ಹೊರಗೆ ಹೋಗುವಾಗ ಜೊತೆಗೇ ಇರುತ್ತೇನೆ, ಪೈಪು ಏಣಿ ಯಾವುದನ್ನೂ ಮುಟ್ಟಗೊಡುವುದಿಲ್ಲ.

“ಏನರ ಆಗಿತ್ತೇನು?”

ಅವನು ಫಕೀರಪ್ಪ ಮಲಗಿದ್ದ ಕೋಣೆಯ ಕಡೆ ನೋಡಿದ. “ಹೋದ ತಿಂಗಳು ಒಂದು ವಾಲ್ವಿಗೆ ಕೈ ಹಾಕಿದ್ರು. ಅದು ಮುಟ್ಟುವ ವಾಲ್ವ್ ಅಲ್ಲ. ನಾನು ಹಿಡಿದೆ. ಖಲಾಸ್, ಅದು ಆಗಿ ಹೋಯಿತು.”

“ನೀವು ಇಲ್ಲದಿದ್ರ?”

“ಇದ್ದೇನಲ್ಲ, ಅಕ್ಕ.” ಅವನು ಲೋಟ ಕೆಳಗಿಟ್ಟ. “ಆ ಆಸ್ಪತ್ರೆಯ ಹಾಳೆಯಲ್ಲಿ ಎಂತದೂ ಬರೆಯುದು ಬೇಡ. ಕೆಲಸ ಹೋದ್ರೆ ಇಲ್ಲಿ ಇರ್ಲಿಕ್ಕೆ ಬೇಕಾದ ಅವರ ಇಕಾಮಾ ಹೋಯಿತು, ಅದು ಹೋಯಿತು ಅಂದ್ರೆ ನಿಮ್ಮದೂ ಹೋಯಿತು, ಮಗಳದ್ದೂ ಹೋಯಿತು. ಮಾರ್ಚಲ್ಲಿ ಅದರ ಹನ್ನೆರಡನೇ ಪರೀಕ್ಷೆ ಅಲ್ವಾ? ನಾನು ನೋಡಿಕೊಳ್ತೇನೆ. ಮುಂದಿನ ತಿಂಗಳು ಮಾತ್ರ ನಾನು ಊರಿಗೆ ಹೋಗ್ಲಿಕ್ಕುಂಟು, ನಲವತ್ತು ದಿನ, ತಂಗಿಯ ಮದುವೆ. ಅಷ್ಟು ದಿನ ಹೇಗಾದ್ರೂ ರಜೆ ಹಾಕಿಸುವ.”

ಅವನು ಹೋದ ಮೇಲೆ ಗೌರವ್ವ ಎರಡೂ ಲೋಟ ತೊಳೆದಿಟ್ಟಳು. ಇವನೂ ಬರೆದಿಲ್ಲ. ಅಲ್ಲೊಂದು ತಂತಿ, ಇಲ್ಲೊಂದು ತಂತಿ. ನಡುವೆ ಒಬ್ಬ ಮನುಷ್ಯ ಹಸಿರು ದೀಪದ ಹಾಗೆ ಉರಿಯುತ್ತಿದ್ದ.

ಮರುದಿನ ಶುಕ್ರವಾರ, ಬಸ್ಸಿಲ್ಲ. ಮೂರೂಕಾಲಿಗೆ ಎಂದಿನಂತೆ ಎಚ್ಚರವಾಯಿತು. ಅವಳು ರೊಟ್ಟಿ ಬಡಿದಳು, ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೈ ಕಟ್ಟಿಕೊಂಡಳು. ಪೇಸ್ಟು ಹಚ್ಚಲಿಲ್ಲ. ನೀರು ಬೆರೆಸಲಿಲ್ಲ. ಬಟ್ಟೆ ತೆಗೆದಿಡಲಿಲ್ಲ. ಏನೂ ಮಾಡದೆ ಕೂರುವುದು ಮಾಡುವುದಕ್ಕಿಂತ ಕಷ್ಟದ ಕೆಲಸ ಎಂದು ಅವಳಿಗೆ ಅರ್ಧ ತಾಸಿನಲ್ಲಿ ತಿಳಿಯಿತು. ಕೈಗಳು ತಾವಾಗಿಯೇ ಏಳುತ್ತಿದ್ದವು.

ಫಕೀರಪ್ಪ ಎದ್ದು ಬಚ್ಚಲಿಗೆ ಹೋದ. ಬ್ರಷ್ ಸಿಕ್ಕಿತು. ಒಣ ಬ್ರಷ್ಷನ್ನು ಕೈಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತ. ಅವಳು ಗಡಿಯಾರ ನೋಡಿದಳು, ಹನ್ನೊಂದು ನಿಮಿಷ. ನಂತರ ಬ್ರಷ್ಷನ್ನು ಜೇಬಿಗಿಟ್ಟುಕೊಂಡ. ಬಿಸಿನೀರಿನ ನಲ್ಲಿ ತಿರುಗಿಸಿದ, ಹಬೆ ಎದ್ದಿತು, ಕೈ ಹಿಂದೆಗೆದ, ನಲ್ಲಿ ಹಾಗೇ ಬಿಟ್ಟು ಬಂದ. ಕಪಾಟಿನ ಬಾಗಿಲು ತೆರೆದು ಬಟ್ಟೆಗಳನ್ನು ನೋಡುತ್ತ ನಿಂತ. ಒಂದು ಅಂಗಿ ತೆಗೆದು ಕಾಲಿನ ಮೇಲೆ ಹಿಡಿದು ನೋಡಿ, ಮಡಿಸಲು ಹೋಗಿ, ಬಿಟ್ಟ. ಕೊನೆಗೆ ಬನಿಯನ್ನಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದ.

“ಗೌರವ್ವ, ನಾ ಏನ ಮಾಡಬೇಕಿತ್ತು?”

ಅವನ ಮುಖದಲ್ಲಿ ಹೆದರಿಕೆ ಇತ್ತು. ಈ ಮೂರು ವರ್ಷಗಳಲ್ಲಿ ಅವಳು ಆ ಹೆದರಿಕೆಯನ್ನು ನೋಡಿರಲಿಲ್ಲ. ಅದು ಕಾಣದ ಹಾಗೆ ಅವಳೇ ನೋಡಿಕೊಂಡಿದ್ದಳು. ಅವನಿಗೂ ಕಾಣದ ಹಾಗೆ.

“ಏನೂ ಇಲ್ಲ, ಬರ್ರಿ” ಎಂದು ಎದ್ದಳು. ಮೊದಲು ಹೋಗಿ ನಲ್ಲಿ ನಿಲ್ಲಿಸಿದಳು.

ಸೀಮಾ ತನ್ನ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಮಧ್ಯಾಹ್ನ ಊಟ ಮಾಡುವಾಗ ತಾಟಿನಿಂದ ಕಣ್ಣೆತ್ತದೆ ಹೇಳಿದಳು, “ಮಮ್ಮಿ, ಜಸ್ಟ್ ರೈಟ್ ವಾಟ್ ಯೂ ಸೆಡ್ ಲಾಸ್ಟ್ ಟೈಮ್. ಪ್ಲೀಸ್. ಓನ್ಲಿ ಟಿಲ್ ಬೋರ್ಡ್ಸ್.”

“ರೊಟ್ಟಿ ತಿನ್ನು” ಎಂದಳು ಗೌರವ್ವ. ಮಗಳ ಮೇಲೆ ಸಿಟ್ಟು ಬರಲಿಲ್ಲ. ಹುಡುಗಿ ಕೇಳಿದ್ದು ಎರಡು ತಿಂಗಳು. ಅವಳು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮುಂದಿನ ತಿಂಗಳು ಬಾವಾಕುಂಞಿ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ವಾಲ್ವೂ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸೀಮಾ ಟ್ಯೂಷನ್ನಿಗೆ ಹೋಗಿದ್ದಳು, ಫಕೀರಪ್ಪ ಟೀವಿಯ ಮುಂದೆ ಕೂತಿದ್ದ. ಗೌರವ್ವ ಊಟದ ಮೇಜನ್ನು ಒರೆಸಿ ಫಾರಂ ಬಿಚ್ಚಿದಳು. ರೋಣದ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದವಳು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು, ಪ್ರಶ್ನೆಗಳು ವೆಲಿಟಾ ಹೇಳಿದ ಕ್ರಮದಲ್ಲೇ ಇದ್ದವು. ಬಟ್ಟೆ. ಅವಳು ಪೆನ್ನನ್ನು ಮೊದಲ ಮನೆಯ ಮೇಲೆ ಇಟ್ಟಳು, ತೆಗೆದಳು, ಮೂರನೆಯದರ ಮೇಲೆ ಗೆರೆ ಎಳೆದಳು. ಆಗುವುದೇ ಇಲ್ಲ. ಮಾತ್ರೆ, ಆಗುವುದೇ ಇಲ್ಲ. ಕೆಲಸಕ್ಕೆ ಒಬ್ಬರೇ ಹೋಗುವುದು, ಆಗುವುದೇ ಇಲ್ಲ. ಏಳರಲ್ಲಿ ಆರಕ್ಕೆ ಹಾಗೆ. ಏಳನೆಯದು ಸಹಿ ಮಾಡುವುದು. ಅದಕ್ಕೆ ‘ಮಾಡುತ್ತಾರೆ’.

ಆಮೇಲೆ ಹಾಳೆಯನ್ನು ಮಗುಚಿದಳು. ಹಿಂಬದಿ ಖಾಲಿ ಇತ್ತು. ಅಲ್ಲಿ ಕನ್ನಡದಲ್ಲಿ ಬರೆದಳು: ಪೇಸ್ಟು ನಾನು ಹಚ್ಚುತ್ತೇನೆ, ಎರಡು ವರ್ಷದಿಂದ. ಗುಂಡಿ ನಾನು ಹಾಕಿಡುತ್ತೇನೆ, ಹೋದ ದೀಪಾವಳಿಯಿಂದ. ಮಾತ್ರೆ ಬಾಳೆಹಣ್ಣಿನಲ್ಲಿ. ಚೀಟಿ ಜೇಬಿನಲ್ಲಿ. ಬಸ್ಸಿನ ತನಕ ನಾನು ಹೋಗುತ್ತೇನೆ, ಖುಬ್ಬೂಸಿನ ನೆಪ. ಯಾವ ಕೆಲಸ, ಯಾವಾಗಿನಿಂದ ಎಂದು ನೆನಪಿಸಿಕೊಂಡು ಬರೆಯುತ್ತ ಹೋದಂತೆ ಹಾಳೆ ತುಂಬಿತು. ಕೊನೆಯ ಸಾಲುಗಳನ್ನು ಅಂಚಿನ ಪಕ್ಕ ಮೇಲ್ಮುಖವಾಗಿ ಬರೆಯಬೇಕಾಯಿತು. ಕೆಳಗೆ ಸಹಿ, ತಾರೀಖು. ಬಾವಾಕುಂಞಿಯ ಹೆಸರು ಎಲ್ಲೂ ಬರೆಯಲಿಲ್ಲ. ಅವನ ತಂತಿಯನ್ನು ಅವನೇ ಬರೆಯಬೇಕು.

ಭಾನುವಾರ ಮೂರೂಕಾಲಿಗೆ ಎದ್ದಳು. ಎಂಟರ ಬದಲು ಆರು ರೊಟ್ಟಿ ಬಡಿದಳು. ಒಂದೇ ಡಬ್ಬಿ ಕಟ್ಟಿದಳು, ಸೀಮಾಳದು. ಗಂಡನ ಸಮವಸ್ತ್ರ ಕಪಾಟಿನಲ್ಲೇ ಇತ್ತು. ಅವನು ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದ, ಎಬ್ಬಿಸಲಿಲ್ಲ. ಹೊರಗಿನಿಂದ ಬೀಗ ಹಾಕಿ ಒಬ್ಬಳೇ ಲಿಫ್ಟಿನಲ್ಲಿ ಇಳಿದಳು.

ಬಸ್ಸು ಬಂತು, ಬಾಗಿಲು ತೆರೆಯಿತು. ಡ್ರೈವರು ಅವಳ ಹಿಂದೆ ಮುಂದೆ ನೋಡಿದ. “ಫಕೀರ್ ಭಾಯಿ?”

“ಆಜ್ ನಹೀಂ ಆಯೇಗಾ.”

ಒಳಗೆ ಕಿಟಕಿಯ ಪಕ್ಕದ ಸೀಟಿನಿಂದ ಬಾವಾಕುಂಞಿ ಅರ್ಧ ಎದ್ದು ನಿಂತಿದ್ದ. ಪಕ್ಕದ ಸೀಟು ಖಾಲಿ.

“ಕಲ್?” ಎಂದ ಡ್ರೈವರು.

“ಕಲ್ ಭೀ ನಹೀಂ. ಆಪ್ ಚಲೋ.”

ಬಸ್ಸು ಶುಐಬಾ ಕಡೆಗೆ ತಿರುಗಿತು. ಬಕಾಲಾದವನು ಅಭ್ಯಾಸದಂತೆ ಒಂದು ಪೊಟ್ಟಣ ಖುಬ್ಬೂಸನ್ನು ಗಲ್ಲೆಯ ಮೇಲೆ ತೆಗೆದಿಟ್ಟಿದ್ದ. ಗೌರವ್ವ ಬೇಡವೆಂದು ಕೈಯಾಡಿಸಿ, ಕಟ್ಟಡದ ಒಳಗೆ ನಡೆದಳು.